ಗುರುವಾರ ಬನ್ನಿ, ನಿಮಗೂ ಒಳ್ಳೇದಾಗತ್ತೆ

ಅಕ್ಟೋಬರಿನಲ್ಲಿ ನಮ್ಮ ಕಥೋಲಿಕ ಚರ್ಚುಗಳಲ್ಲಿ ಮಿಷನ್ ಸಂಡೇ ಬರುತ್ತದೆ. 1926ರಲ್ಲಿ ಪೋಪ್ ಹನ್ನೊಂದನೇ ಪಯಸ್ ಧರ್ಮಪ್ರಚಾರಕ್ಕೆಂದೇ ಗೊತ್ತು ಮಾಡಿದ ದಿನ. ಚಿಕ್ಕವರಿದ್ದಾಗ ಅವತ್ತು ಕಾಣಿಕೆ ಹಾಕಿ, ಪೂಜೆ ಮುಗಿದ ಮೇಲೆ ಹರಾಜಿನಲ್ಲಿ ಒಂದು ಕುಂಬಳಕಾಯಿ ಕೂಗಿದರೆ ನಮ್ಮ ಪಾಲಿನ ಧರ್ಮಪ್ರಚಾರ ಮುಗಿಯುತ್ತಿತ್ತು. ಉಳಿದದ್ದನ್ನು ಫಾದರ್, ಸಿಸ್ಟರುಗಳು ನೋಡಿಕೊಳ್ಳುತ್ತಿದ್ದರು. 2013ರಲ್ಲಿ ಪೋಪ್ ಫ್ರಾನ್ಸಿಸ್ ಆ ಆರಾಮಕ್ಕೆ ಕಲ್ಲು ಹಾಕಿದರು. ದೀಕ್ಷಾಸ್ನಾನ (ಬ್ಯಾಪ್ಟಿಸಂ) ಆದವರೆಲ್ಲ ಯೇಸುವಿನ ಸಂದೇಶ ಸಾರಬೇಕು, ತರಬೇತಿ ಆಗಲಿ ಅಂತ ಕಾಯುತ್ತಾ ಕೂರಬೇಡಿ ಎಂದು ಬರೆದುಬಿಟ್ಟರು. ನಮ್ಮ ಫಾದರ್ ಅದನ್ನೇ ಹಿಡಿದುಕೊಂಡಿದ್ದಾರೆ. ಆಫೀಸು, ಬಸ್ಸು, ಅಕ್ಕಪಕ್ಕದ ಮನೆ, ಎಲ್ಲೂ ಬಾಯಿ ಮುಚ್ಚಿಕೊಂಡಿರಬಾರದಂತೆ.

ಸರಿ, ಆಫೀಸಿನಲ್ಲಿ ಟೀ ಹೊತ್ತಿಗೆ ಶುರು ಮಾಡಿದೆ.

"ಭಾನುವಾರ ಚರ್ಚಿನಲ್ಲಿ ಒಂದು ಒಳ್ಳೆ ಮಾತು ಕೇಳಿದೆ..."

"ಹೌದು ಸಾರ್, ಈ ಸಲ ಕೇಕ್ ಯಾವಾಗ? ನಮ್ಮಮ್ಮನಿಗೆ ಮೊಟ್ಟೆ ಹಾಕದ್ದು ಬೇರೆ ತನ್ನಿ."

ಅಲ್ಲಿಗೆ ಮುಗಿಯಿತು. ಬಸ್ಸಿನಲ್ಲಿ ಪಕ್ಕದವರು ನಾನು ಬಾಯಿ ತೆರೆಯುವಷ್ಟರಲ್ಲಿ ವಿಮೆ ಪಾಲಿಸಿಯ ಕಾಗದ ತೆರೆದಿದ್ದರು.

ಉಳಿದದ್ದು ಕೆಳಗಿನ ಮನೆ ಆಂಟಿ. ರಾಯರ ಪರಮ ಭಕ್ತೆ. ಧೈರ್ಯ ಮಾಡಿ ಒಳಗೆ ಹೋದೆ. ದೇವರ ಗೂಡಿನಲ್ಲಿ ರಾಯರ ಪಕ್ಕದಲ್ಲೇ ಕಿರೀಟ ಇಟ್ಟ ಬಾಲ ಯೇಸು. ಗಾಜಿನ ಮೇಲೆ ಕುಂಕುಮದ ಬೊಟ್ಟು, ಫ್ರೇಮಿಗೆ ಒಂದು ಗೇಣು ಮಲ್ಲಿಗೆ. ನಮ್ಮನೆ ಬಾಲ ಯೇಸುವಿನ ಮೇಲಿನ ಧೂಳು ಒರೆಸದೆ ಎಷ್ಟು ಕಾಲವಾಯಿತೋ.

"ನೀವು ಗುರುವಾರ ವಿವೇಕನಗರದ ಬಾಲ ಯೇಸು ಚರ್ಚಿಗೆ ಹೋಗಲ್ವಾ?" ಅಂದರು ಆಂಟಿ.

"ಇಲ್ಲ ಆಂಟಿ, ಭಾನುವಾರ ಇಲ್ಲೇ..."

"ಅಯ್ಯೋ! ನಿಮ್ಮವರೇ ಹೋಗದಿದ್ರೆ ಹೇಗೆ? ನಾನು ಬೆಳಿಗ್ಗೆ ರಾಯರ ಮಠ, ಸಾಯಂಕಾಲ ಬಾಲ ಯೇಸು. ಇಬ್ಬರಿಗೂ ಗುರುವಾರವೇ ನೋಡಿ, ಅನುಕೂಲ. ಮಗಳ ಮದುವೆ ಗಟ್ಟಿಯಾಗಿದ್ದು ಹೇಗೆ ಅನ್ಕೊಂಡ್ರಿ?"

ಮುಂದೆ ಅಳಿಯನ ವೀಸಾ ಬಂತು, ಮೈದುನನ ಸೈಟಿನ ಕೇಸು ಬಂತು. ಇಸ್ತ್ರಿ ಅಂಗಡಿಯವರನ್ನೂ ಹೂವಿನಮ್ಮನನ್ನೂ ಆಂಟಿ ಆಗಲೇ ಕರೆದುಕೊಂಡು ಹೋಗಿದ್ದರಂತೆ. ತರಬೇತಿಗೆ ಕಾಯದವರು ಅಂದರೆ ಇವರು! ಹುಟ್ಟಾ ಕ್ರೈಸ್ತರಾದ ನಮಗೆ ನಂಬಿಕೆ ಅಪ್ಪನ ಕಾಲದ ರೇಷನ್ ಕಾರ್ಡಿನ ಹಾಗೆ. ಬೀರುವಿನಲ್ಲಿ ಭದ್ರವಾಗಿದೆ, ಯಾರಿಗೂ ತೋರಿಸುವುದಿಲ್ಲ. ಬೇಡಿದ್ದು ಸಿಕ್ಕವರು ಸುಮ್ನೆ ಕೂರಲ್ಲ.

"ಈ ಗುರುವಾರ ರೆಡಿ ಇರಿ. ಒಂಬತ್ತು ವಾರ ತಪ್ಪಿಸಬಾರದು," ಎಂದು ತೀರ್ಪು ಕೊಟ್ಟರು.

ಹೋದೆವು. ಯುರೋಪಿನ ಪ್ರಾಗ್ ನಗರದ ಈ ಪುಟ್ಟ ರಾಜ ಬಾಲ ಯೇಸುವಿಗೆ ಬೆಂಗಳೂರಿನಲ್ಲಿ ಎಂಥ ಜನ! ಬುರ್ಖಾ, ವಿಭೂತಿ, ಐಟಿ ಕಂಪನಿಯ ಟ್ಯಾಗು, ಎಲ್ಲ ಒಂದೇ ಸಾಲಿನಲ್ಲಿ. ಆಂಟಿ ನನ್ನ ಕೈಗೆ ಮೇಣದಬತ್ತಿ ಕೊಟ್ಟು, ಎಲ್ಲಿ ಹಚ್ಚಬೇಕು, ಹೇಗೆ ಕೈಮುಗಿಯಬೇಕು ಅಂತ ತೋರಿಸಿದರು. ನಾನು ಶಿಲುಬೆ ಗುರುತು ಹಾಕಿಕೊಂಡೆ. ಹಿಂದೆ ನಿಂತಿದ್ದ ಹೆಂಗಸು ಬೇಗ ಮುಂದೆ ಹೋಗಿ ಎಂದು ಗೊಣಗಿದರು.

ಆಂಟಿ ಅವರ ಕಡೆ ತಿರುಗಿದರು. "ಸ್ವಲ್ಪ ತಾಳಿಮ್ಮ, ಪಾಪ, ಇವರು ಹೊಸಬರು. ಪರವಾಗಿಲ್ಲ, ಬೇಗ ಕಲೀತಾ ಇದ್ದಾರೆ."