ಡೆಂಪ್‌ಸ್ಟರ್ ಹೆದ್ದಾರಿಯಲ್ಲಿ ಚಪಾತಿ ಮಣೆ

ಕೆನಡಾದ ಯೂಕಾನ್‌ನಲ್ಲಿ, ಡಾಸನ್ ಸಿಟಿ ಹತ್ತಿರ ಡೆಂಪ್‌ಸ್ಟರ್ ಹೆದ್ದಾರಿ ಶುರುವಾಗುತ್ತದೆ. ಅಲ್ಲಿಂದ ಇನುವಿಕ್‌ಗೆ ಸುಮಾರು 740 ಕಿಲೋಮೀಟರ್. ಹೆಸರಿಗೆ ಹೆದ್ದಾರಿ, ಹೆಚ್ಚುಕಮ್ಮಿ ಪೂರ್ತಿ ಜಲ್ಲಿ. ಮೊದಲ ಪೆಟ್ರೋಲ್ ಬಂಕ್ ಸಿಗುವುದು 369 ಕಿಲೋಮೀಟರ್ ಆದಮೇಲೆ, ಈಗಲ್ ಪ್ಲೇನ್ಸ್‌ನಲ್ಲಿ.

ಎರಡು ಸ್ಟೆಪ್ನಿ ಇಟ್ಟುಕೊಂಡು ಹೋಗಿ ಅಂತ ಸಿಕ್ಕವರೆಲ್ಲ ಹೇಳಿದ್ದರು. ಭಾವ ಕೇಳಬೇಕಲ್ಲ. "ಮಳೆಗಾಲದಲ್ಲಿ ಚಾರ್ಮಾಡಿ ಘಾಟಿ ಇಳಿಸಿದವನು ಕಣಯ್ಯಾ ನಾನು!" ಹೀಗಾಗಿ ಎರಡನೇ ಸ್ಟೆಪ್ನಿಯ ಜಾಗದಲ್ಲಿ ಅಕ್ಕನ ಅವಲಕ್ಕಿ, ಚಟ್ನಿಪುಡಿ, ಗ್ಯಾಸ್ ಒಲೆ, ಲಟ್ಟಣಿಗೆ, ಚಪಾತಿ ಮಣೆ ಬಂದು ಕೂತವು. ಕ್ಯಾಂಪಿಂಗಿಗೆ ಮಣೆ ಯಾಕೆ ಅಂತ ಭಾವ ದಾರಿಯುದ್ದಕ್ಕೂ ಅಕ್ಕನನ್ನು ಆಡಿಕೊಂಡರು.

ಓಗಿಲ್ವಿ ನದಿ ದಾಟಿ ಸ್ವಲ್ಪ ಹೊತ್ತಿಗೆ ಬಲಗಡೆ ಹಿಂದಿನ ಟೈರು ಉಸ್ ಅಂತು. ಈ ರಸ್ತೆಯ ಕಲ್ಲು ಒಡೆದ ಸ್ಲೇಟಿನಂತೆ, ಅಂಚೆಲ್ಲ ಚೂಪು. ಜಾಕ್ ಕೊಟ್ಟೆವು. ಹಿಂದಿನ ರಾತ್ರಿಯ ಮಳೆಗೆ ಪಕ್ಕದ ಮಣ್ಣು ಮೆತ್ತಗಾಗಿತ್ತು. ನಾವು ತಿರುಗಿಸಿದಷ್ಟೂ ಕಾರು ಮೇಲೆ ಬರಲಿಲ್ಲ, ಜಾಕೇ ಕೆಳಗೆ ಹೋಯಿತು. ಸೊಳ್ಳೆಗಳಿಗೆ ಹಬ್ಬ. ಅಷ್ಟರಲ್ಲಿ ಒಂದು ಪಿಕಪ್ ನಿಂತು, ಸಹಾಯ ಬೇಕಾ ಅಂತ ಕೇಳಿತು. ಭಾವ ನಗುತ್ತಾ ಕೈ ಆಡಿಸಿ ಕಳಿಸಿಬಿಟ್ಟರು!

ಮುಂದಿನ ಒಂದು ಗಂಟೆ ಯಾವ ಗಾಡಿಯೂ ಬರಲಿಲ್ಲ. ಸುಮ್ನೆ ಕೂತು ನಾನು ಓದಿಕೊಂಡು ಬಂದಿದ್ದನ್ನು ಒದರಿದೆ. ಕೆಳಗಿರುವುದು ವರ್ಷವಿಡೀ ಹೆಪ್ಪುಗಟ್ಟಿದ ನೆಲ, ಅದು ಕರಗಿದರೆ ರಸ್ತೆ ಕುಸಿಯುತ್ತದೆ, ಅದಕ್ಕೇ ಮೀನು ಮಾರ್ಕೆಟ್‌ನಲ್ಲಿ ಐಸ್ ಗಡ್ಡೆಗೆ ಮರದ ಹೊಟ್ಟು ಮುಚ್ಚಿದ ಹಾಗೆ ಮೇಲೆ ನಾಲ್ಕರಿಂದ ಎಂಟು ಅಡಿ ಜಲ್ಲಿ ಹೊದಿಸಿದ್ದಾರೆ. 1959ರಲ್ಲಿ ಎಣ್ಣೆ ಸಿಗುತ್ತದೆ ಅಂತ ಕೆಲಸ ಶುರು ಮಾಡಿದರು, ಎರಡೇ ವರ್ಷಕ್ಕೆ ಕೈಬಿಟ್ಟರು, ಅಲಾಸ್ಕಾದಲ್ಲಿ ಎಣ್ಣೆ ಸಿಕ್ಕಮೇಲೆ ಮತ್ತೆ ಹಿಡಿದರು, ಮುಗಿದಿದ್ದು 1979ರಲ್ಲಿ. ನಮ್ಮೂರಿನ ಬೈಪಾಸ್ ನೆನಪಾಯಿತು, ಇರಲಿ.

ಆಮೇಲೆ ರಸ್ತೆಯ ಹೆಸರಿನ ಕಥೆ. 1910ರ ಡಿಸೆಂಬರಿನಲ್ಲಿ ಫಿಟ್ಜೆರಾಲ್ಡ್ ಎಂಬ ಪೊಲೀಸ್ ಅಧಿಕಾರಿ ಮೂವರ ಜೊತೆ ನಾಯಿಗಾಡಿ ಕಟ್ಟಿಕೊಂಡು ಫೋರ್ಟ್ ಮೆಕ್‌ಫರ್ಸನ್‌ನಿಂದ ಡಾಸನ್‌ಗೆ ಹೊರಟ. ದಾರಿ ತೋರಿಸುತ್ತಿದ್ದ ಅಲ್ಲಿನ ಗ್ವಿಚಿನ್ ಜನಾಂಗದವನಿಗೆ ಕೂಲಿ ಕೊಟ್ಟು, ಇನ್ನು ನಾವೇ ಹೋಗುತ್ತೇವೆ ಅಂತ ವಾಪಸ್ ಕಳಿಸಿದ. ದಾರಿ ತಪ್ಪಿತು, ನಾಲ್ವರೂ ಸತ್ತರು. ಮಾರ್ಚ್‌ನಲ್ಲಿ ಅವರ ಹೆಣ ಹುಡುಕಿದ ಪೊಲೀಸನೇ ಡೆಂಪ್‌ಸ್ಟರ್.

ಭಾವ ಏನೂ ಮಾತಾಡಲಿಲ್ಲ. ದೂರದಲ್ಲಿ ಧೂಳೆದ್ದಿದ್ದೇ ತಡ, ರಸ್ತೆ ಮಧ್ಯೆ ನಿಂತು ಎರಡೂ ಕೈ ಬೀಸತೊಡಗಿದರು.

ಲಾರಿಯಿಂದ ಇಳಿದ ಡ್ರೈವರ್ ನೆಲ ನೋಡಿ, ಜಾಕ್ ನೋಡಿ, ಅದರ ಕೆಳಗಿಡಲು ಗಟ್ಟಿ ಹಲಗೆ ಇದೆಯಾ ಅಂತ ಕೇಳಿದ.

ಅಕ್ಕ ಡಿಕ್ಕಿ ತೆಗೆದಳು. ಭಾವನ ಕಡೆ ಒಂದು ಸಲ ನೋಡಿ, ಮಣೆಯನ್ನು ಸೆರಗಿಲ್ಲದಿದ್ದರೂ ಜಾಕೆಟ್ಟಿನ ತೋಳಿನಲ್ಲೇ ಒರೆಸಿ ಕೊಟ್ಟಳು. ಸಾಗುವಾನಿ, ಅತ್ತೆ ಕೊಟ್ಟಿದ್ದು. ಕಾರು ಎದ್ದಿತು. ಮಣೆ ಮಧ್ಯಕ್ಕೆ ಸೀಳಿತು. ಈಗಲೂ ಅವರ ಮನೆಯಲ್ಲಿ ಚಪಾತಿಯೆಲ್ಲ ಒಂದು ಕಡೆ ಗೆರೆ ಬಿದ್ದೇ ಬರುತ್ತದೆ, ಭಾವ ತುಟಿಪಿಟಕ್ಕೆನ್ನದೆ ತಿನ್ನುತ್ತಾರೆ.