ತೂಕಕ್ಕೆ ಬಾರದ ಕೈಕೆಲಸ

ಅಮೆರಿಕದ ಆಲ್ಬುಕರ್ಕಿ ನಗರದಿಂದ ಪಶ್ಚಿಮಕ್ಕೆ ಗ್ಯಾಲಪ್‌ವರೆಗೆ ಹೋಗಿ ದಕ್ಷಿಣಕ್ಕೆ ತಿರುಗಿದರೆ ಝೂನಿ ಊರು ಸಿಗುತ್ತದೆ. ನ್ಯೂ ಮೆಕ್ಸಿಕೋ ರಾಜ್ಯದ ಮೂಲನಿವಾಸಿಗಳಾದ ಝೂನಿ ಜನ ಬೆಳ್ಳಿಯಲ್ಲಿ ಕಲ್ಲು ಕೂರಿಸುವುದರಲ್ಲಿ ಎತ್ತಿದ ಕೈ. ಗ್ಯಾಲಪ್‌ನ ಅಂಗಡಿಯೊಂದರಲ್ಲಿ ಅವರ ಹಳೆಯ ಬಳೆಯೊಂದನ್ನು ಕೈಗೆತ್ತಿಕೊಂಡು, ನಮ್ಮೂರಿನ ಅಭ್ಯಾಸದಂತೆ, ಬೆಳ್ಳಿ ಎಷ್ಟು ಗ್ರಾಂ ಇದೆ ಎಂದು ಕೇಳಿದೆ. ಅಂಗಡಿಯಾಕೆ ತೂಕ ಹೇಳಲಿಲ್ಲ. ಮಾಡಿದ ಗಂಡಹೆಂಡಿರ ಹೆಸರು ಹೇಳಿದರು.

ಆ ಬಳೆಯನ್ನು ಹತ್ತಿರದಿಂದ ನೋಡಬೇಕು. ಬೆಳ್ಳಿ ತಗಡಿನ ಮೇಲೆ ತೆಳುವಾದ ಬೆಳ್ಳಿ ಪಟ್ಟಿಗಳನ್ನು ನಿಲ್ಲಿಸಿ ಬೆಸುಗೆ ಹಾಕಿ ಪುಟ್ಟ ಪುಟ್ಟ ಮನೆಗಳನ್ನು ಮಾಡುತ್ತಾರೆ. ಒಂದೊಂದು ಮನೆಗೂ ಅದರ ಅಳತೆಗೇ ಟರ್ಕಾಯ್ಸ್ ಎಂಬ ಹಸಿರುನೀಲಿ ಕಲ್ಲು, ಹವಳ, ಜೆಟ್ ಎಂಬ ಕಪ್ಪು ಕಲ್ಲು, ಮುತ್ತಿನ ಚಿಪ್ಪನ್ನು ಕತ್ತರಿಸಿ, ಉಜ್ಜಿ ಕೂರಿಸುತ್ತಾರೆ. ಕೊನೆಗೆ ಕಲ್ಲನ್ನೂ ಬೆಳ್ಳಿಯನ್ನೂ ಒಟ್ಟಿಗೆ ಉಜ್ಜಿ ಸಮ ಮಾಡಿದಾಗ ಬೆರಳಿಗೆ ಸಂದು ತಾಕುವುದಿಲ್ಲ. ನಮ್ಮ ಬಿದರಿಯಲ್ಲಿ ಬೆಳ್ಳಿಯೇ ಒಳಗೆ ಕೂರುವ ಅತಿಥಿ. ಇಲ್ಲಿ ಬೆಳ್ಳಿ ಮನೆ, ಕಲ್ಲು ಅತಿಥಿ. ಝೂನಿಯ ಲನ್ಯಾಡೆ ಎಂಬಾತ ನೆರೆಯ ಮೂಲನಿವಾಸಿಗಳಾದ ನವಾಹೋ ಜನರ ಕುಶಲಕರ್ಮಿ ಅತ್ಸಿದಿ ಚಾನ್‌ನಿಂದ ಬೆಳ್ಳಿಕೆಲಸ ಕಲಿತದ್ದು 1870ರ ದಶಕದಲ್ಲಿ. ಕಲ್ಲಿನ ವಿದ್ಯೆ ಅದಕ್ಕಿಂತ ಬಹಳ ಹಳೆಯದು. ಹಾವಿಕೂ ಎಂಬ ಪಾಳುಬಿದ್ದ ಝೂನಿ ಊರನ್ನು ಅಗೆದಾಗ ಟರ್ಕಾಯ್ಸ್ ಚೂರುಗಳನ್ನು ಜೋಡಿಸಿದ ಬಾಚಣಿಗೆಗಳು ಸಿಕ್ಕಿದ್ದವು.

ನನ್ನ ಅಜ್ಜಿಯ ಬುಗುಡಿ, ಜಡೆಬಿಲ್ಲೆಗಳಲ್ಲೂ ಇಂಥದೇ ಕೆಲಸವಿತ್ತು. ಅಕ್ಕನ ಮದುವೆಗೆ ಅವು ಅಂಗಡಿಯ ತಕ್ಕಡಿ ಏರಿದವು. ಕೆಂಪಿನ ತೂಕ ಕಳೆದರು, ಅರಗಿನ ತೂಕ ಕಳೆದರು, ಉಳಿದದ್ದನ್ನು ಕರಗಿಸಿದರು. ಹೊಸ ಸರಕ್ಕೆ ಮಜೂರಿ, ಸವಕಳಿ ಎಂದು ಬೇರೆ ಸೇರಿಸಿದರು. ಹಳೆಯದನ್ನು ಮಾಡಿದ ಪತ್ತಾರರ ಮಜೂರಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಇದು ನನಗೆ ಇಂದಿಗೂ ನೋವಿನ ವಿಷಯ.

ಚಿನ್ನ ನಮ್ಮ ಹೆಣ್ಣುಮಕ್ಕಳಿಗೆ ಆಪತ್ತಿನ ಕಾಸು, ಅದನ್ನು ಕಲೆಯೆಂದು ಗಾಜಿನ ಪೆಟ್ಟಿಗೆಯಲ್ಲಿಡಲು ಆದೀತೇ ಎಂದು ಅಣ್ಣ ಕೇಳುತ್ತಾನೆ. ಆದರೆ ಇಲ್ಲಿನ ಝೂನಿ ಜನವೂ ಕಷ್ಟಕ್ಕೆ ಒಡವೆಯನ್ನೇ ಗಿರವಿ ಇಟ್ಟವರು. ಬಿಡಿಸಿಕೊಳ್ಳಲಾಗದೆ ಉಳಿದದ್ದನ್ನು ವರ್ತಕರು ಮಾರುತ್ತಿದ್ದರು, ಕೆಲವಕ್ಕೆ ಗಿರವಿಯ ಚೀಟಿ ಇನ್ನೂ ಅಂಟಿಕೊಂಡಿರುತ್ತದೆ. ಆ ಒಡವೆಗಳು ಕೈ ಬದಲಾದವು, ಕುಲುಮೆಗೆ ಹೋಗಲಿಲ್ಲ. ಕಷ್ಟ ಎರಡೂ ಕಡೆ ಒಂದೇ. ನಮ್ಮಲ್ಲಿ ಲೋಹಕ್ಕೆ ಬೆಲೆ ಕಟ್ಟಿದೆವು, ಇಲ್ಲಿ ಕೈಗೂ ಕಟ್ಟಿದರು.

ಇಲ್ಲಿಯೂ ಎಲ್ಲ ಹೆಸರುಗಳೂ ಉಳಿದಿಲ್ಲ. ಹಳೆಯ ಝೂನಿ ಒಡವೆಗಳಲ್ಲಿ ಬಹುಪಾಲಿನ ಹಿಂಬದಿ ಬೋಳು. ಮಾಡಿದವರು ಗುರುತು ಒತ್ತುವುದು ವ್ಯಾಪಕವಾದದ್ದು 1970ರ ದಶಕದ ಸುಮಾರಿಗೆ. ನಕಲಿ ಮಾಲಿನ ಹಾವಳಿಯೂ ದೊಡ್ಡದು. ಆದರೆ ಮೂಲನಿವಾಸಿಗಳು ಮಾಡದ್ದನ್ನು ಅವರದೆಂದು ಮಾರಿದರೆ ಅಮೆರಿಕದ 1990ರ ಕಾನೂನಿನಂತೆ ಮೊದಲ ತಪ್ಪಿಗೇ 2,50,000 ಡಾಲರ್‌ವರೆಗೆ ದಂಡ, ಐದು ವರ್ಷದವರೆಗೆ ಜೈಲು. ನಮ್ಮ ಚಿನ್ನದ ಮೇಲಿನ ಹಾಲ್‌ಮಾರ್ಕ್ ಶುದ್ಧತೆ ಹೇಳುತ್ತದೆ, ಆರು ಅಕ್ಷರ-ಅಂಕಿಗಳ ಸಂಖ್ಯೆಯೊಂದನ್ನು ಕೊಡುತ್ತದೆ. ಕುಲುಮೆ ಮುಂದೆ ಕುಳಿತವರು ಯಾರೆಂದು ಅದು ಹೇಳುವುದಿಲ್ಲ. ಒಡವೆಯ ರಸೀದಿಯಲ್ಲಿ ಆ ಹೆಸರಿಗೆ ಒಂದು ಸಾಲು ಮೀಸಲಿಡುವುದು ಯಾವ ಅಂಗಡಿಗೂ ಕಷ್ಟವಲ್ಲ.

ಅಮ್ಮನ ಬೆಂಡೋಲೆ ಇನ್ನೂ ಇದೆ. ನಡುವೆ ಒಂದು, ಸುತ್ತ ಆರು ಕೆಂಪು. ಒಂದು ಹರಳು ಅಲುಗಾಡುತ್ತಿದೆ, ಕೊಟ್ಟು ಹೊಸದು ತರೋಣ ಎಂದು ಅಕ್ಕ ಫೋನ್ ಮಾಡಿದ್ದಳು. ಬೇಡವೆಂದೆ. ಅದನ್ನು ಮಾಡಿದ ಪತ್ತಾರರ ಮಗ ಅದೇ ಬೀದಿಯಲ್ಲಿ ಈಗಲೂ ಕೆಲಸ ಮಾಡುತ್ತಾರಂತೆ. ಹರಳು ಬಿಗಿ ಮಾಡಿಸಿ, ಅವರ ತಂದೆಯ ಹೆಸರನ್ನು ಕೇಳಿ ಬರೆದು ಒಡವೆ ಡಬ್ಬಿಯೊಳಗೆ ಇಡಲು ಹೇಳಿದ್ದೇನೆ.