ದುಂಬಿಯ ಉಪಜಾತಿಗೆ ಬಾಲವೇ ಸಾಕ್ಷಿ

ಬಾಂಬಸ್ ಟೆರೆಸ್ಟ್ರಿಸ್ ಅನ್ನೋ ಯುರೋಪಿನ ದುಂಬಿಯಲ್ಲಿ (ಇಂಗ್ಲಿಷಿನ ಬಂಬಲ್‌ಬೀ) ಉಪಜಾತಿ ಎಷ್ಟು ಅನ್ನೋ ತಕರಾರು ಇನ್ನೂ ಮುಗಿದಿಲ್ಲ. ಸಂತೋಷ. ಮುಗಿದುಬಿಟ್ಟರೆ ಪಾಪ, ಎಷ್ಟು ಜನರ ಭೂತಗನ್ನಡಿ ಮೂಲೆ ಸೇರಬೇಕು! ಉಪಜಾತಿ ಅಂದರೆ ಒಂದೇ ಪ್ರಭೇದದೊಳಗೆ ಊರಿಗೊಂದು ಥರ ಕಾಣೋ ಗುಂಪು. ಪುಸ್ತಕದಲ್ಲಿ ಇದನ್ನು ಉಪಪ್ರಭೇದ ಅಂತಾರೆ. ನಾನು ಉಪಜಾತಿ ಅಂತಲೇ ಬರೀತೀನಿ, ವಾಸನೆ ಒಂದೇ.

ಜೀವಿಗಳಿಗೆಲ್ಲ ಹೆಸರಿಡ್ತಿದ್ದ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ 1758ರಲ್ಲಿ ಇದಕ್ಕೊಂದು ಹೆಸರಿಟ್ಟು ಸುಮ್ಮನಾದರು. ಆಮೇಲೆ ಬಂದವರಿಗೆ ಸುಮ್ನಿರೋಕೆ ಆಗಲಿಲ್ಲ. ಬ್ರಿಟನ್ನಿನ ಉಪಜಾತಿ ಆಡಾಕ್ಸ್. ಕೆನರಿ ದ್ವೀಪದ್ದು ಕೆನರಿಯೆನ್ಸಿಸ್, ಮೈಯೆಲ್ಲ ಕಪ್ಪು, ಬಾಲ, ಅಂದರೆ ಹೊಟ್ಟೆಯ ತುದಿಯ ರೋಮ, ಮಾತ್ರ ಬಿಳಿ. ಕಾರ್ಸಿಕಾ ದ್ವೀಪದ್ದಕ್ಕೆ ಕೆಂಪು ಬಾಲ. ಅದು ಉಪಜಾತಿಯೇ ಅಲ್ಲ, ಬೇರೆ ಪ್ರಭೇದ ಅನ್ನುವವರೂ ಇದ್ದಾರೆ. ದ್ವೀಪದವರ ಬಗ್ಗೆ ನನ್ನ ತಕರಾರಿಲ್ಲ, ಸಮುದ್ರವೇ ಬೇಲಿ ಹಾಕಿದೆ. ತಮಾಷೆ ಇರೋದು ಯುರೋಪಿನ ನೆಲದ ಮೇಲೆ. ಮೂಲ ಹೆಸರನ್ನೇ ಉಳಿಸಿಕೊಂಡ ಟೆರೆಸ್ಟ್ರಿಸ್ ಉಪಜಾತಿ ಎಲ್ಲಿ ಮುಗಿದು, ಆಗ್ನೇಯ ಯುರೋಪಿನ ಡಾಲ್ಮಾಟಿನಸ್ ಉಪಜಾತಿ ಎಲ್ಲಿ ಶುರುವಾಗುತ್ತೆ? ನಕ್ಷೆಯಲ್ಲಿ ಗೆರೆ ಇದೆ. ದುಂಬಿಗೆ ಓದೋಕೆ ಬರಲ್ಲ.

ಬಾಲ ನಂಬೋಣ ಅಂದರೆ ಅದೂ ಕೈಕೊಡುತ್ತೆ. ಆಡಾಕ್ಸ್ ರಾಣಿಯ ಬಾಲ ಮಾಸಲು ಕಂದು. ಅವಳ ಮಗಳು, ಅದೇ ಗೂಡಿನ ಕೆಲಸಗಾರ್ತಿ, ಅವಳ ಬಾಲ ಹೆಚ್ಚುಕಮ್ಮಿ ಬಿಳಿ. ಅಂಚಿನಲ್ಲಿ ಕಂದು ಎಳೆ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಬಿಸಿಲಲ್ಲಿ ದುಡಿದು ದುಡಿದು ಹಳದಿ ಪಟ್ಟಿ ಒಣಹುಲ್ಲಿನ ಬಣ್ಣಕ್ಕೆ ತಿರುಗಿ, ಬೆನ್ನ ನಡುವೆ ರೋಮ ಉದುರಿ ಬೋಳಾಗುತ್ತೆ. ಆಗ ನೋಡೋಕೆ ಇವಳ ಹಾಗೇ ಇರೋ ಬೇರೆ ಪ್ರಭೇದದ, ಲುಕೋರಮ್ ಗುಂಪಿನವಳೋ ಇವಳೋ ಹೇಳೋಕೆ ಡಿಎನ್‌ಎ ಬೇಕು. ಗುಂಪಿನ ಶೇ. 75ರಷ್ಟು ಬೇರೆಯಾಗಿ ಕಂಡರೆ ಉಪಜಾತಿ ಅನ್ನೋ ಹಳೇ ಲೆಕ್ಕವೊಂದಿದೆ. ಉಳಿದ 25 ಮಂದಿ ಎಲ್ಲಿಗೆ ಹೋಗಬೇಕೋ!

ಓಸ್ಕರ್ ಫೋಗ್ಟ್ ಗೊತ್ತಲ್ವಾ? ಲೆನಿನ್ ಮೆದುಳನ್ನು ತೆಳ್ಳಗೆ ಹೆಚ್ಚಿ ಪರೀಕ್ಷಿಸೋಕೆ ಮಾಸ್ಕೋ ಕರೆಸಿಕೊಂಡದ್ದು ಈ ಜರ್ಮನ್ ಮೆದುಳು ತಜ್ಞರನ್ನೇ. ಅವರ ಇನ್ನೊಂದು ಹುಚ್ಚು ದುಂಬಿಗಳ ಬಣ್ಣ. ಪ್ರಭೇದ ಅಂದರೇನು ಅಂತ ಅದರಲ್ಲೇ ಹುಡುಕಿ 1909ರಲ್ಲೂ 1911ರಲ್ಲೂ ಬರೆದರು. ಯಾವುದು ಜಾಸ್ತಿ ತಲೆಕೆಡಿಸಿತೋ, ಲೆನಿನ್ನೋ ದುಂಬಿಯೋ!

ಇಷ್ಟಾದ ಮೇಲೆ ನಗು ಬರಲ್ಲ ನೋಡಿ. 1980ರ ದಶಕದ ಕೊನೆಯಿಂದ ಈ ದುಂಬಿಯನ್ನು ಡಬ್ಬಿಯಲ್ಲಿ ತುಂಬಿ ಮಾರ್ತಿದ್ದಾರೆ, ಹಸಿರುಮನೆಯ ಟೊಮೆಟೊ ಹೂವಿಗೆ ಪರಾಗಸ್ಪರ್ಶ ಮಾಡೋಕೆ. ಮೊದಮೊದಲು ಡಬ್ಬಿಯೊಳಗೆ ಹೆಚ್ಚಾಗಿ ಇದ್ದದ್ದು ಡಾಲ್ಮಾಟಿನಸ್. ಇಂಗ್ಲೆಂಡಿನಲ್ಲಿ ಹೊರಗಿನ ಉಪಜಾತಿ ಬಿಡೋಕೆ ಲೈಸೆನ್ಸ್ ಬೇಕು, ಒಳ್ಳೆಯದೇ. ಆದರೆ ಹಸಿರುಮನೆಯ ಕಿಟಕಿ ತೆರೆದಿದ್ದರೆ ದುಂಬಿ ಲೈಸೆನ್ಸ್ ತೋರಿಸಿ ಹೋಗುತ್ತಾ? ಬಯಲಿನ ಸ್ಥಳೀಯ ದುಂಬಿಯ ಜೊತೆ ಕೂಡುತ್ತೆ, ಮರಿಯಾಗುತ್ತೆ. ಬಾಲದ ಬಣ್ಣ ಇನ್ನಷ್ಟು ಕಲಸಿಹೋಗುತ್ತೆ.

ಚಿಲಿಯವರು 1990ರ ದಶಕದ ಕೊನೆಯಲ್ಲಿ ಈ ಟೆರೆಸ್ಟ್ರಿಸ್ಸನ್ನು ತಾವಾಗಿ ತರಿಸಿಕೊಂಡರು. ಅಲ್ಲಿನದೇ ದುಂಬಿ ಡಾಲ್ಬೊಮೀ, ಕಿತ್ತಳೆ ಬಣ್ಣದ ಉಣ್ಣೆಯುಂಡೆ ಥರ, ಪ್ರಪಂಚದಲ್ಲೇ ದೊಡ್ಡ ದುಂಬಿಗಳಲ್ಲೊಂದು. ಈಗ ಎಷ್ಟೋ ಕಡೆ ಅದು ಕಾಣಲ್ಲ. ಅರ್ಜೆಂಟೀನಾ ಈ ಆಮದು ಬೇಡವೇ ಬೇಡ ಅಂದಿತ್ತು. 2006ರ ಹೊತ್ತಿಗೆ ಟೆರೆಸ್ಟ್ರಿಸ್ ಅಲ್ಲೂ ಹಾಜರ್. ಆಂಡೀಸ್ ಬೆಟ್ಟ ದಾಟುವಾಗ ಅದರ ಬಾಲದ ಬಣ್ಣ ಕೇಳಿದವರು ಯಾರೂ ಇಲ್ಲ.